ಕೆಡಿಸಲು ಬಾರದ ಕೈ

ಗಡಹಿಂಗ್ಲಜದಲ್ಲಿ ಋತುಜಾಳ ಬಲಗೈಗೆ ಊರೆಲ್ಲ ಒಡೆಯರು. ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಬಾಗಿಲ ಪಕ್ಕದ ಗೋಡೆಗೆ ಕಳಶ ಬಿಡಿಸಲು ಅವಳು ಬೇಕು. ಮದುಮಗಳ ಅಂಗೈಗೆ ಮೆಹಂದಿ ಹಚ್ಚಲು ಅವಳು ಬೇಕು. ಬಸದಿಯ ಪೂಜೆಗೆ ರಂಗೋಲಿಯಲ್ಲಿ ಮಂಡಲ ಬರೆಯುವವಳು ಅವಳು, ಗಲ್ಲಿಯ ಗಣಪತಿಯ ಹಿಂದೆ ಹಿಮಾಲಯದ ಪರದೆ ಬರೆಯುವವಳೂ ಅವಳೇ. ಅಪ್ಪನ ಬೀಜ ಗೊಬ್ಬರದ ಅಂಗಡಿಯಲ್ಲಿ ಗಲ್ಲಾದ ಹಿಂದೆ ಅವಳು ಬಿಡಿಸಿದ ಎತ್ತಿನ ಜೋಡಿಯ ಚಿತ್ರ ತೂಗುತ್ತಿತ್ತು. ನೂಲ, ಉತ್ತೂರದಂಥ ಸುತ್ತಲಿನ ಹಳ್ಳಿಗಳಿಂದ ಬಂದ ರೈತರು ಅದನ್ನು ನೋಡಿ, "ಹಗ್ಗಾ ಕಟ್ರಿ ಸಾವ್ಕಾರ್ರ, ಇಲ್ಲಾಂದ್ರ ಇಳದು ಹೋಗ್ತಾವ," ಅನ್ನುತ್ತಿದ್ದರು. ಅಪ್ಪ ಪ್ರತಿ ಸಲವೂ ಮೊದಲ ಸಲ ಕೇಳಿದವರಂತೆ ನಗುತ್ತಿದ್ದರು.

ಹೊಗಳಿಕೆ ಸಿಹಿಯಾದದ್ದೇ. ಆದರೆ ಅದರಲ್ಲಿ ಬೆಳೆದ ಹುಡುಗಿಗೆ ಒಂದೇ ಒಂದು ಸೊಟ್ಟ ಗೆರೆ ಎಳೆಯುವ ಅಧಿಕಾರ ಇರಲಿಲ್ಲ. ಎಂಟನೆಯ ಇಯತ್ತೆಯಲ್ಲಿದ್ದಾಗ ಒಂದು ಬೆಳಿಗ್ಗೆ ಯಾಕೋ ಬೇಸರವಾಗಿ ಅಂಗಳದ ರಂಗೋಲಿಯನ್ನು ಹೇಗೆ ಬೇಕೋ ಹಾಗೆ ಎಳೆದಿಟ್ಟು ಒಳಗೆ ಬಂದಿದ್ದಳು. ಅವ್ವ ಹೊರಗೆ ಹೋಗಿ ನೋಡಿ ಬಂದವಳು ಏನೂ ಕೇಳದೆ ಅವಳ ಹಣೆ ಮುಟ್ಟಿ ನೋಡಿದಳು, ಜ್ವರ ಬಂದಿದೆಯೇನೋ ಎಂದು. ಆಮೇಲೆ ನೀರು ಹಾಕಿ ಅದನ್ನು ತೊಳೆದು, "ಮಂದಿ ಏಳೂದ್ರಾಗ ಇನ್ನೊಂದು ಹಾಕು," ಅಂದಳು. ಋತುಜಾ ಹಾಕಿದಳು. ಚೆನ್ನಾಗಿಯೇ ಬಂತು.

ಕೊಲ್ಹಾಪುರದ ಕಲಾ ಕಾಲೇಜಿಗೂ ಆ ಕೈಯೇ ಅವಳನ್ನು ಕರೆದುಕೊಂಡು ಹೋಯಿತು. ಅಲ್ಲಿಯ ಗೋಡೆಗಳ ಮೇಲೆ ಹಳೆಯ ವಿದ್ಯಾರ್ಥಿಗಳ ಭಾವಚಿತ್ರಗಳು ಸಾಲಾಗಿ ಇದ್ದವು: ಪೇಟಾ ಸುತ್ತಿದ ಮುದುಕರು, ನೀರು ತರುವ ಹೆಂಗಸರು, ಬೆವರು ಹೊಳೆಯುವ ಪೈಲವಾನರು. ಮೂರನೆಯ ವರ್ಷ ಋತುಜಾ ಹಣ್ಣು ಮಾರುವ ಒಬ್ಬ ಬಾಗವಾನ ಹೆಂಗಸನ್ನು ಬಿಡಿಸಿದಳು. ಬುಟ್ಟಿಯ ಪೇರಲ ಹಣ್ಣುಗಳ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಅದಕ್ಕೆ ಬಹುಮಾನ ಬಂತು. ಬಹುಮಾನ ತೆಗೆದುಕೊಂಡು ಹಾಸ್ಟೆಲ್ಲಿಗೆ ಬಂದು ತನ್ನ ಚಿತ್ರದ ಫೋಟೋವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದಳು. ಇದನ್ನು ತಾನು ಬಿಡಿಸಿದ್ದು ಹೌದು, ಆದರೆ ತಾನು ಎಲ್ಲಿಯೂ ಕಾಣಲಿಲ್ಲ.

ಕೊನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಒಂದು ವಿಷಯ ಆರಿಸಿಕೊಂಡು ಪ್ರಬಂಧ ಬರೆಯಬೇಕು. ಜೊತೆಗೆ ಅದಕ್ಕೆ ತಕ್ಕ ಒಂದು ದೊಡ್ಡ ಕೃತಿ ಮಾಡಿ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಇಡಬೇಕು. ಎರಡರಲ್ಲಿಯೂ ಪಾಸಾದರೆ ಮಾತ್ರ ಪದವಿ. ಉಳಿದವರು ಕೊಲ್ಹಾಪುರದ ವಾಡೆಗಳು, ಲಾವಣಿಯ ವೇಷಭೂಷಣ, ಪಂಚಗಂಗೆಯ ಘಾಟು ಎಂದೆಲ್ಲ ಬರೆದುಕೊಟ್ಟರು. ಋತುಜಾ ಬರೆದುಕೊಟ್ಟದ್ದು: ತಾನಾಗಿ ಮೂಡುವ ಚಿತ್ರ, ಬೇಕೆಂದೇ ಕೆಡಿಸಿದ ಚಿತ್ರ.

ಮಾರ್ಗದರ್ಶಕರಾದ ನಿಖಿಲ ಸರ್ ಗಡಿಯ ಕೋವಾಡದವರು. ಪಾಠ ಹೇಳುವಾಗ ಮರಾಠಿ, ಬೈಯುವಾಗ ಮಾತ್ರ ಕನ್ನಡ. ಅವರು ಕನ್ನಡದಲ್ಲಿ ಶುರು ಮಾಡಿದರೆಂದರೆ ಮುಂದೆ ಏನು ಬರಲಿದೆ ಎಂದು ಋತುಜಾಳಿಗೆ ಗೊತ್ತಾಗುತ್ತಿತ್ತು.

"ಇದೇನಿದು? ಚಿತ್ರಾ ತನ್ನಷ್ಟಕ್ಕ ಮೂಡಿದ್ರ ನಮ್ಮಂಥಾ ಮಾಸ್ತರ್ರು ಎಲ್ಲಿ ಹೋಗಬೇಕು?"

"ನೂರು ವರ್ಷದ ಹಿಂದ ಪರದೇಶದಾಗ ಕೆಲವ್ರು ಮಾಡ್ಯಾರ್ರಿ ಸರ್. ಮನಸಿಗೆ ಕೇಳಲಾರದ ಕೈ ಓಡಿಸೂದು. ಏನ ಬರತೈತಿ ಅದನ್ನ ಇಟ್ಕೊಳ್ಳೂದು."

"ಮತ್ತ ಈ ಕೆಡಿಸೂದು?"

"ಅದನ್ನೂ ಮಾಡ್ಯಾರ್ರಿ. ಛಂದ ಅಂದ್ರ ಏನು ಅಂತ ಯಾರೋ ಹಾಕಿಕೊಟ್ಟ ಗೆರಿ ದಾಟಾಕ."

ನಿಖಿಲ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಋತುಜಾ, ಈ ಊರಾಗ ಮಂದಿ ಒಂದು ಮೂಗು ಸರಿ ಬಿಡಸಾಕ ಹತ್ತು ವರ್ಷ ಕೈ ಸವಸ್ಯಾರ. ನೀ ಆ ಕೈ ಇಟ್ಕೊಂಡು ಕೆಡಿಸ್ತೀನಿ ಅಂತಿ. ಹೊಟ್ಟಿ ತುಂಬಿದವ್ರ ಆಟ ಇದು."

ಆ ಮಾತು ಅವಳಿಗೆ ತಾಗಿತು. ಆದರೂ ವಿಷಯ ಬದಲಿಸಲಿಲ್ಲ. ಸರ್ ಕೂಡ ಸಹಿ ಹಾಕಿದರು. ಅವರು ಕೆಟ್ಟವರಲ್ಲ, ಅವರಿಗೆ ಚಿತ್ರ ಎಂದರೆ ಪ್ರೀತಿ. ಅದೇ ತೊಡಕಾಗಿತ್ತು.

ಮೊದಲು ತನ್ನ ಕೈಯ ಮೇಲೆಯೇ ಪ್ರಯೋಗ ಮಾಡಿದಳು. ಅವ್ವನ ಜೊತೆ ಫೋನಿನಲ್ಲಿ ಮಾತಾಡುವಾಗ ಮುಂದೆ ಹಾಳೆಯಿಟ್ಟು ಪೆನ್ನು ಹಿಡಿದು ಕೂಡುತ್ತಿದ್ದಳು. ಅವ್ವ ಯಾರಿಗೋ ಹುಷಾರಿಲ್ಲ, ಯಾರದೋ ಮದುವೆ ನಿಶ್ಚಯದ ಸಾಖರಪುಡಾ ಆಯಿತು ಎಂದು ಹೇಳುತ್ತಿರುವಾಗ ಕೈ ಓಡುತ್ತಿತ್ತು. ಮಾತು ಮುಗಿದ ಮೇಲೆ ಹಾಳೆ ನೋಡಿದರೆ ಬಸದಿಯ ಮಂಡಲದ ಅಂಚಿನ ಬಳ್ಳಿ. ಎಲೆಗೆ ಎಲೆ ಸಮ, ಸುರುಳಿಗೆ ಸುರುಳಿ ಸಮ. ಮರುದಿನವೂ ಅದೇ ಬಳ್ಳಿ. ಮನಸ್ಸು ದೂರ ಸರಿದರೆ ಒಳಗಿನಿಂದ ಏನೋ ಕಾಡಿನಂಥದ್ದು ಹೊರಬರುತ್ತದೆಂದು ಪುಸ್ತಕದಲ್ಲಿ ಓದಿದ್ದಳು. ಅವಳೊಳಗಿನಿಂದ ಬಂದದ್ದು ಊರು ಕಲಿಸಿದ ಪಾಠ, ತಪ್ಪಿಲ್ಲದೆ.

ಎಡಗೈಯಲ್ಲಿ ಬಿಡಿಸಿದಳು. ಎಂಟು ದಿನಕ್ಕೆ ಎಡಗೈಯೂ ಕಲಿತುಬಿಟ್ಟಿತು. ಗಡಹಿಂಗ್ಲಜದಿಂದ ಬರುವ ಎಸ್.ಟಿ. ಬಸ್ಸಿನಲ್ಲಿ ತೊಡೆಯ ಮೇಲೆ ಹಾಳೆಯಿಟ್ಟು ಅದರ ಮೇಲೆ ಪೆನ್ನಿನ ತುದಿ ಊರಿ, ಬಸ್ಸು ಕುಣಿದಂತೆ ಗೆರೆ ಮೂಡಲು ಬಿಟ್ಟಳು. ಸಂಕೇಶ್ವರದವರೆಗೆ ಗೆರೆ ಹುಚ್ಚೆದ್ದು ಕುಣಿಯಿತು. ಹೆದ್ದಾರಿ ಸಿಕ್ಕಮೇಲೆ ತಣ್ಣಗಾಯಿತು. ಅವಳಿಗೆ ಅದು ಬಹಳ ಹಿಡಿಸಿತು.

ನಿಖಿಲ ಸರ್ ಆ ಹಾಳೆಗಳನ್ನು ತಿರುವಿ ಹಾಕಿ, "ಇದನ್ನ ಬಿಡಿಸಿದ್ದು ಬಸ್ಸು. ಡಿಗ್ರಿ ಡ್ರೈವರಗ ಕೊಡೂಣೇನು?" ಅಂದರು.

ಕೆಟ್ಟ ಭಾವಚಿತ್ರಗಳನ್ನೂ ತಂದಿದ್ದಳು. ಕಣ್ಣು ಮೇಲೆ ಕೆಳಗೆ, ಕಿವಿ ಕೆನ್ನೆಯಲ್ಲಿ, ಬಣ್ಣ ಗೆರೆಯ ಹೊರಗೆ. ಸರ್ ಒಂದನ್ನು ದೂರ ಹಿಡಿದು ನೋಡಿ, ಈ ಸಲ ಮೆತ್ತಗೆ ಹೇಳಿದರು. "ನಿನಗ ಕೆಡಿಸಾಕ ಬರಂಗಿಲ್ಲ. ನೋಡು, ಕಿವಿ ತಪ್ಪು ಜಾಗಾದಾಗ ಐತಿ, ಆದರ ಕಿವಿ ಎಷ್ಟು ಛಲೋ ಐತಿ. ಇದು ಖರೇ ಕೆಟ್ಟಿಲ್ಲ, ಕೆಟ್ಟ ಆಗಿದ್ದರ ಸೋಂಗು."

ಅವರು ಹೇಳಿದ್ದು ನಿಜವಾಗಿತ್ತು. ಅದಕ್ಕೇ ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಮಾರನೆಯ ಭಾನುವಾರ ಇಚಲಕರಂಜಿಗೆ ಹೋದಳು. ಅಲ್ಲಿ ಅವ್ವನ ತಂಗಿ ಮಂಗಲ ಮಾವಶಿಯ ಮನೆ. ಮನೆಗೆ ಹತ್ತಿಕೊಂಡೇ ಮಗ್ಗದ ಶೆಡ್ಡು. ವಿದ್ಯುತ್ ಮಗ್ಗಗಳು ಎರಡು ಸಾಲಾಗಿ ಬಡಿದುಕೊಳ್ಳುತ್ತಿದ್ದವು. ಆ ಸದ್ದಿನಲ್ಲಿ ಹುಟ್ಟಿ ಬೆಳೆದವರು ಕೂಗಿ ಮಾತಾಡುವುದನ್ನೇ ಮಾತು ಅಂದುಕೊಂಡಿದ್ದರು. ಮಾವಶಿಯ ಗಂಡ ಕಾಕಾಸಾಹೇಬ ಕಾಕಾ ವ್ಯಾಪಾರ ನೋಡುತ್ತಿದ್ದರು. ಮಾವಶಿಯ ಕೆಲಸ ನೆಯ್ದು ಬಂದ ಬಟ್ಟೆಯ ತಪಾಸಣೆ. ಒಂದು ತಾಗಾ ನೆಯ್ದು ಮುಗಿದರೆ ಆ ಉದ್ದನೆಯ ಬಟ್ಟೆಯನ್ನು ಗಾಜಿನ ಮೇಜಿನ ಮೇಲೆ ಎಳೆಯುತ್ತಾರೆ. ಮೇಜಿನ ಕೆಳಗೆ ದೀಪ ಉರಿಯುತ್ತಿರುತ್ತದೆ. ಕಡಿದ ಎಳೆ, ಜೋಡಿಯಾಗಿ ಬಂದ ಎಳೆ, ಗಂಟು, ಜಾಳು, ಎಲ್ಲ ಬೆಳಕಿಗೆ ಕಾಣುತ್ತವೆ. ಮಾವಶಿ ಚಿಮಟಾದಿಂದ ಹೆಚ್ಚಿನ ಎಳೆ ಕಿತ್ತು, ಸೂಜಿಯಿಂದ ಕಡಿಮೆ ಬಿದ್ದ ಎಳೆ ತುಂಬುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಅದೇ ಕೆಲಸ.

ಊಟಕ್ಕೆ ಕೂತಾಗ ಋತುಜಾ ವಿಷಯ ತೆಗೆದಳು. ಒಂದಷ್ಟು ಬಟ್ಟೆ ಬೇಕು, ಬೇಕೆಂದೇ ಕೆಡಿಸಿ ನೆಯ್ದದ್ದು. ಎಷ್ಟು ತಪ್ಪು ಆಗಬಹುದೋ ಅಷ್ಟೂ ಅದರಲ್ಲಿ ಇರಬೇಕು. ಚಿತ್ರದಲ್ಲಿ ತನ್ನ ಕೈ ತನಗೆ ಮೋಸ ಮಾಡುತ್ತದೆ. ನೇಯ್ಗೆ ತನಗೆ ಬರುವುದಿಲ್ಲ, ಹಾಗಾಗಿ ಅಲ್ಲಿ ಕೆಡಿಸಿದರೆ ನಿಜವಾಗಿಯೇ ಕೆಟ್ಟೀತು.

ಕಾಕಾ ಭಾಕರಿ ಮುರಿಯುವುದನ್ನು ನಿಲ್ಲಿಸಿದರು. "ಈ ಊರಾಗ ಮಂದಿ ಮುಂಜಾನೆ ಎದ್ದು ಡ್ಯಾಮೇಜ್ ಬರಬಾರದಪಾ ದೇವ್ರ ಅಂತ ಕೈ ಮುಗೀತಾರ. ನೀ ಡ್ಯಾಮೇಜ್ ಕೊಡ್ರಿ ಅಂತ ಬೇಡಾಕ ಬಂದೀಯಲ್ಲ."

"ಪರೀಕ್ಷಾಕ ಐತ್ರಿ ಕಾಕಾ."

"ಎಂಥಾ ಪರೀಕ್ಷಾ ಅದು? ಕೆಡಿಸಿದ್ರ ಪಾಸ್ ಮಾಡ್ತಾರ?"

"ಮಾಡ್ತಾರೋ ಇಲ್ಲೋ ಗೊತ್ತಿಲ್ರಿ. ನಾ ಮಾತ್ರ ಕೆಡಿಸ್ಬೇಕು."

ಮಾವಶಿ ನಕ್ಕಳು. "ಇರ್ಲಿ ಬಿಡ್ರಿ, ಕೂಸು ಇಷ್ಟು ದೂರ ಬಂದೈತಿ. ಆ ಮೂಲಿ ಮಗ್ಗದ ಬೀಮು ತೀರಾಕ ಬಂದೈತಲ್ಲ, ತಳದಾಗ ಉಳದದ್ದನ್ನ ಕೊಡ್ರಿ. ಹೆಂಗೂ ಅದು ತುಂಡಿಗೆ ಹೋಗೂದು."

ಹಾಸಿನ ನೂಲು ಸುತ್ತಿದ ಉರುಳೆಗೆ ಬೀಮು ಅನ್ನುತ್ತಾರೆ. ಅದರ ತಳದಲ್ಲಿ ಕೊನೆಗೆ ಉಳಿಯುವ ನೂಲಿನ ಬಟ್ಟೆ ಪೂರ್ತಿ ತಾಗಾ ಆಗುವುದಿಲ್ಲ. ಅದನ್ನು ಅವಳಿಗೆ ಬಿಟ್ಟುಕೊಟ್ಟರು. ಮೂಲೆಯ ಮಗ್ಗ ನೋಡಿಕೊಳ್ಳುವವನು ಕಾಡಸಿದ್ದ ಮಾಮಾ, ಋತುಜಾಳನ್ನು ಚಿಕ್ಕಂದಿನಿಂದ ನೋಡಿದವನು.

"ಮಾಮಾ, ನೀವು ನೇಯ್ರಿ. ನಾ ಎಳಿ ಕಡೀತೇನಿ. ನೀವು ಕಟ್ಟಬ್ಯಾಡ್ರಿ."

"ಆತ್ ಬಿಡವಾ. ಅದೇನ ದೊಡ್ಡ ಮಾತು."

ಮಗ್ಗ ಓಡಿತು. ಋತುಜಾ ಕತ್ತರಿಯ ತುದಿಯಿಂದ ಒಂದು ಎಳೆ ಕಡಿದಳು. ಕಡಿದ ಎಳೆ ಬೀಳುವಷ್ಟರಲ್ಲಿ ಕಾಡಸಿದ್ದನ ಕೈ ಹಿಡಿಕೆ ಎಳೆದು ಮಗ್ಗ ನಿಲ್ಲಿಸಿ, ಇನ್ನೊಂದು ಕೈ ಎಳೆ ಹಿಡಿದು ಗಂಟು ಹಾಕಿಬಿಟ್ಟಿತ್ತು. ಅವನು ತನ್ನ ಕೈಯನ್ನೇ ನೋಡಿಕೊಂಡ. "ತಪ್ಪಾತು. ಇನ್ನೊಮ್ಮೆ ಕಡಿ." ಇನ್ನೊಮ್ಮೆ ಕಡಿದಳು. ಇನ್ನೊಮ್ಮೆ ಗಂಟು ಬಿತ್ತು. ಮೂರನೆಯ ಸಲ ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ. ಎಳೆ ಕಡಿದ ಜಾಗ ಉದ್ದಕ್ಕೆ ಬಾಯಿಬಿಡುತ್ತ ಹೋದಂತೆ ಅವನ ಮುಖ ಹಲ್ಲು ನೋಯುವವರ ಮುಖದಂತಾಯಿತು.

"ನನ್ನ ಕಡಿಂದ ಆಗೂದಿಲ್ಲವಾ. ನಾ ಚಾ ಕುಡದು ಬರತೇನಿ. ಅಷ್ಟರಾಗ ಏನ ಕೆಡಿಸ್ತೀಯೋ ಕೆಡಸು." ಹೋಗುವ ಮೊದಲು ಅಡ್ಡಕ್ಕೆ ಓಡುವ ಹೊಕ್ಕಿನ ಎಳೆ ಹರಿದರೆ ಮಗ್ಗವನ್ನು ತಾನಾಗಿ ನಿಲ್ಲಿಸುವ ಕಡ್ಡಿಯನ್ನು ಎತ್ತಿ ದಾರದಿಂದ ಕಟ್ಟಿಕೊಟ್ಟ. ಬಾಗಿಲಲ್ಲಿ ಒಮ್ಮೆ ನಿಂತ, ತಿರುಗಿ ನೋಡಲಿಲ್ಲ.

ಋತುಜಾ ಒಬ್ಬಳೇ ಉಳಿದಳು. ಎಳೆ ಕಡಿದಳು. ಒಂದೇ ದಾರಿಯಲ್ಲಿ ಎರಡು ಎಳೆ ಹಾಯಿಸಿದಳು. ಲಾಳಿಯೊಳಗೆ ನೂಲು ಅರ್ಧ ತೀರಿದ ಕಾಂಡಿ ಹಾಕಿ, ಲಾಳಿ ಬರಿದೇ ಓಡಾಡುವಂತೆ ಮಾಡಿದಳು. ಬಟ್ಟೆಗೆ ಎಣ್ಣೆಗೈ ಒತ್ತಿದಳು. ಯಾವ ತಪ್ಪು ಎಲ್ಲಿ ಬಿದ್ದರೆ ನೋಡಲು ಚೆನ್ನ ಎಂದು ಯೋಚಿಸಲು ಅವಳಿಗೆ ಪುರುಸೊತ್ತು ಇರಲಿಲ್ಲ. ಮಗ್ಗ ಕಾಯುತ್ತಿರಲಿಲ್ಲ. ಬೀಮು ತೀರಿ ಮಗ್ಗ ನಿಂತಾಗ ಅವಳು ಬೆವರಿ ತೊಯ್ದಿದ್ದಳು, ಕೂದಲ ತುಂಬ ಹತ್ತಿಯ ಧೂಳು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದು ಹಾಳಾಗಿತ್ತು. ಎಲ್ಲಿ ನೋಡಿದರೂ ಹಾಳಾಗಿತ್ತು, ಒಂದು ಕಡೆಯೂ ಮುದ್ದಾಗಿರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ತನ್ನ ಕೈಯಿಂದ ಯಾರಿಗೂ ಬೇಡವಾದ ವಸ್ತುವೊಂದು ಬಂದಿತ್ತು. ಅವಳು ನಗತೊಡಗಿದಳು. ಮಾವಶಿ ಬಂದು ನೋಡಿ, "ಅಯ್ಯ ಶಿವನ, ಇದೇನ ಮಾಡಿಯೇ ಹುಚ್ಚಿ," ಎಂದು ಕೆನ್ನೆಗೆ ಕೈ ಹಚ್ಚಿದಳು.

ಪರೀಕ್ಷೆಗೆ ಇನ್ನೂ ಸಮಯವಿತ್ತು. ಪ್ರಬಂಧ ಮುಗಿಸಬೇಕಿತ್ತು. ಬಟ್ಟೆಯನ್ನು ತೊಳೆಯಬೇಡ, ಸುಮ್ಮನೆ ಸುತ್ತಿ ಇಡು, ಬಂದು ಒಯ್ಯುತ್ತೇನೆ ಎಂದು ಮಾವಶಿಗೆ ಹೇಳಿ ಕೊಲ್ಹಾಪುರಕ್ಕೆ ಹೋದಳು.

ಪರೀಕ್ಷೆಯ ಹಿಂದಿನ ದಿನ ಬಂದಾಗ ಮಾವಶಿ ಬಾಗಿಲಲ್ಲಿ ಎಂದಿನಂತೆ "ಬಾ ಬಾಳಾ" ಅನ್ನಲಿಲ್ಲ. ಒಳಗೆ ಕರೆದು ಕೂರಿಸಿ ಶಿರಾ ಕೊಟ್ಟಳು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಶಿರಾ ಯಾಕೆ ಎಂದು ಋತುಜಾಳಿಗೆ ಅನುಮಾನ ಬಂತು.

"ಬಟ್ಟಿ ಎಲ್ಲಿ ಮಾವಶಿ?"

"ತಿನ್ನು ಮೊದಲ."

"ಎಲ್ಲಿ ಐತಿ?"

ಮಾವಶಿ ಕಪಾಟಿನಿಂದ ತಂದು ಅವಳ ಮುಂದೆ ಇಟ್ಟಳು. ಋತುಜಾ ಬಿಚ್ಚಿದಳು. ಒಂದು ಮಡಿಕೆ, ಎರಡು, ಮೂರು. ಪೂರ್ತಿ ಬಿಚ್ಚಿ ಬಾಗಿಲ ಬೆಳಕಿಗೆ ಎತ್ತಿ ಹಿಡಿದಳು. ಎಲ್ಲಿಯೂ ಏನೂ ಇರಲಿಲ್ಲ. ಅಂಗಡಿಯಲ್ಲಿ ಮಾರಲು ಇಟ್ಟಂಥ ಬಟ್ಟೆ. ಎಣ್ಣೆಯ ಕಲೆ ಕೂಡ ಹೋಗಿತ್ತು.

"ಮಾವಶಿ."

"ಬೈ ಋತು. ಏನ ಬೈತಿ ಬೈ. ಮಡಚಿ ಇಡೂಣು ಅಂತ ಮೇಜಿನ ಮ್ಯಾಲ ಹಾಕಿದ್ನಿ. ಅಷ್ಟರಾಗ ಮನಾಲಿ ಫೋನ ಬಂತು." ಮನಾಲಿ ಮಾವಶಿಯ ಮಗಳು, ಸಾಂಗಲಿಗೆ ಕೊಟ್ಟಿದ್ದಾರೆ. "ಅಕೀ ಅತ್ತಿ ಜೋಡಿ ಏನೋ ಜಗಳಾ ಅಂತ ಅಳಾಕ ಹತ್ತಿದ್ಲು. ನಾ ಫೋನು ಕಿವಿಗೆ ಸಿಗಿಸ್ಕೊಂಡು ಸಮಾಧಾನ ಹೇಳ್ಕೊಂತ ಕುಂತ್ನಿ. ಆಮ್ಯಾಲ ಫೋನ ಇಟ್ಟು ನೋಡ್ತೇನಿ, ಮುಕ್ಕಾಲು ಬಟ್ಟಿ ಮುಗದೈತಿ."

"ಮತ್ತ ಉಳದದ್ದು?"

ಮಾವಶಿ ಸೆರಗಿನ ತುದಿ ತಿರುವಿದಳು. "ಇಷ್ಟ ಆಗಿಂದ ಇನ್ನ ಅದೊಂದು ಯಾಕ ಬಿಡೂದು ಅಂತ ಅದನ್ನೂ ಮಾಡಿದ್ನಿ. ಕಲೆಕ್ಕ ಸೋಡಾ ಹಚ್ಚಿದ್ನಿ."

ಋತುಜಾ ಶಿರಾದ ತಾಟನ್ನು ದೂಡಿ ಎದ್ದು ಮಾಳಿಗೆ ಹತ್ತಿದಳು. ಮಗ್ಗಗಳ ಸದ್ದು ಮಾಳಿಗೆಯನ್ನೂ ನಡುಗಿಸುತ್ತಿತ್ತು. ಇನ್ನೊಂದು ನೆಯ್ಯಲು ಬೀಮು ಇಲ್ಲ, ಇದ್ದ ಬೀಮುಗಳೆಲ್ಲ ಬೇರೆಯವರ ಆರ್ಡರಿನವು. ನಾಳೆ ಪರೀಕ್ಷೆ. ಅವಳಿಗೆ ಸಿಟ್ಟು ಬಂದದ್ದು ಮಾವಶಿಯ ಮೇಲಷ್ಟೇ ಆಗಿರಲಿಲ್ಲ. ಹಣೆ ಮುಟ್ಟಿ ನೋಡಿದ ಅವ್ವ, ಎತ್ತಿಗೆ ಹಗ್ಗ ಕಟ್ಟಿರೆಂದವರು, ಕಿವಿ ಛಲೋ ಐತಿ ಅಂದ ಸರ್. ತಾನು ಕೆಡಿಸಿದ್ದನ್ನು ಯಾರೂ ಕೆಟ್ಟದ್ದಾಗಿ ಇರಲು ಬಿಡುವುದಿಲ್ಲ. ಪ್ರೀತಿಯಿಂದಲೇ ಸರಿ ಮಾಡಿಬಿಡುತ್ತಾರೆ.

ಬಹಳ ಹೊತ್ತಿನ ಮೇಲೆ ಬಟ್ಟೆಯನ್ನು ಮತ್ತೆ ಬಿಚ್ಚಿದಳು. ತಾನು ಕಡಿದ ಮೊದಲ ಎಳೆಯ ಜಾಗ ಹುಡುಕಿದಳು. ಕಣ್ಣಿಗೆ ಸಿಗಲಿಲ್ಲ, ಬೆರಳಿಗೂ ಸಿಗಲಿಲ್ಲ. ಇಳಿಹೊತ್ತಿನ ಬಿಸಿಲಿಗೆ ಹಿಡಿದರೂ ಬಟ್ಟೆ ಬಾಯಿಬಿಡಲಿಲ್ಲ. ಸಿಟ್ಟು ಇಳಿದಿರಲಿಲ್ಲ, ಆದರೆ ಅದರ ಪಕ್ಕದಲ್ಲಿಯೇ ಇನ್ನೊಂದು ಏನೋ ಬಂದು ಕುಳಿತಿತು. ಅವಳು ಕೆಳಗಿಳಿದು ಹೋದಳು.

"ಮಾವಶಿ, ಖರೇ ಹೇಳು. ಎಳಿ ತುಂಬುವಾಗ ನಿನ್ನ ಲಕ್ಷ್ಯ ಎಲ್ಲಿತ್ತು?"

"ಮನಾಲಿ ಕಡೆ ಇತ್ತು. ಮತ್ತೆಲ್ಲಿ ಇರತೈತಿ?"

"ಕೈ ಏನ ಮಾಡಾಕತ್ತೈತಿ ಅಂತ ಗೊತ್ತಿತ್ತೇನು?"

"ಗೊತ್ತಿದ್ರ ಮಾಡ್ತಿದ್ನ್ಯಾ? ನಿನ್ನಾಣಿ, ಕೈ ಮಾಡೈತಿ. ನಾ ಮಾಡಿಲ್ಲ."

ಋತುಜಾ ಆರಿದ ಶಿರಾ ಎಳೆದುಕೊಂಡು ತಿಂದಳು. ಮಾವಶಿಯ ಮುಖದಲ್ಲಿ ಗೆಲುವು ಮೂಡಿತು.

ಮರುದಿನ ಕಾಲೇಜಿನ ಹಾಲಿನಲ್ಲಿ ತನಗೆ ಕೊಟ್ಟ ಗೋಡೆಯ ಮೇಲೆ ಆ ಬಟ್ಟೆಯನ್ನು ಮೇಲಿನಿಂದ ಕೆಳಗಿನವರೆಗೆ ಇಳಿಬಿಟ್ಟಳು. ಪಕ್ಕದಲ್ಲಿ ಒಂದು ಚೀಟಿ: ಮಂಗಲ ಮಾವಶಿ ಫೋನಿನಲ್ಲಿ ಮಾತಾಡುವಾಗ.

ನಿಖಿಲ ಸರ್ ಬಂದು ನಿಂತು, ಬಟ್ಟೆ ನೋಡಿ, ಬಟ್ಟೆಯ ಹಿಂದೆ ನೋಡಿ, ಕನ್ನಡದಲ್ಲಿ ಶುರು ಮಾಡಿದರು. "ಪಡದಾ ಸರಸು. ಚಿತ್ರಾ ಎಲ್ಲಿ ಐತಿ?"

"ಇದ ಐತ್ರಿ ಸರ್."

ನಡೆದದ್ದನ್ನು ಹೇಳಿದಳು. ಸರ್ ಪೂರ್ತಿ ಕೇಳಿದರು, ಒಮ್ಮೆ ನಗೆಯನ್ನೂ ತಡೆದುಕೊಂಡರು. ಆಮೇಲೆ ದನಿ ತಗ್ಗಿಸಿದರು. "ಹೇಳಾಕ ಛಲೋ ಐತಿ. ಆದರ ನೋಡಾಕ ಏನೈತಿ? ಕೇಳು, ನಿನ್ನ ಬಾಗವಾನ ಹೆಂಗಸಿನ ಚಿತ್ರಾ ಆಫೀಸಿನಾಗ ಐತಿ. ಅದನ್ನ ತಂದು ಹಚ್ಚು. ಪ್ರಬಂಧ ಹಂಗ ಇರ್ಲಿ. ಫಸ್ಟ್ ಕ್ಲಾಸ್ ಎಲ್ಲೂ ಹೋಗಂಗಿಲ್ಲ."

"ಅದು ಬ್ಯಾರೆ ಕೆಲಸರಿ ಸರ್."

"ಅದು ಕೆಲಸ. ಇದು ಬಟ್ಟಿ."

ಹೊರಗಿನಿಂದ ಬಂದ ಪರೀಕ್ಷಕರು ಪುಣೆಯ ನೂತನ ಮೇಡಂ, ಬೆಳ್ಳಿಗೂದಲಿನವರು. ಅವರು ಬಟ್ಟೆಯ ಮುಂದೆ ಬಹಳ ಹೊತ್ತು ನಿಂತರು. ಹತ್ತಿರ ಹೋಗಿ ನೋಡಿದರು, ಹಿಂದೆ ಸರಿದು ನೋಡಿದರು. "ಹ್ಯಾತ ಕಾಯ ಆಹೆ?" ಎಂದು ಕೇಳಿದರು. ಇದರಲ್ಲಿ ಏನಿದೆ?

ಋತುಜಾ ಮರಾಠಿಯಲ್ಲಿಯೇ ಉತ್ತರ ಕೊಟ್ಟಳು. ಇದರಲ್ಲಿ ನಾನು ಮಾಡಿದ ತಪ್ಪುಗಳಿದ್ದವು, ಈಗಿಲ್ಲ. ಅವನ್ನು ತೆಗೆದ ಕೈ ನನ್ನದಲ್ಲ. ತೆಗೆದವಳಿಗೂ ತೆಗೆಯುತ್ತಿದ್ದೇನೆಂದು ಗೊತ್ತಿರಲಿಲ್ಲ. ತಾನಾಗಿ ಮೂಡಿದ್ದು ಅಂದರೆ ಇದೇ.

"ಅಂದರೆ ಇದರಲ್ಲಿ ನಿನ್ನ ಕೈ ಎಲ್ಲಿದೆ?"

"ಕೆಡಿಸಿದ್ದು ನಾನು, ಮೇಡಂ."

"ಕೆಡಿಸಿದ್ದು ಕಾಣುತ್ತಿಲ್ಲವಲ್ಲ."

"ಇಲ್ಲ. ಕಾಣುವುದಿಲ್ಲ."

ನೂತನ ಮೇಡಂ ಕಠಿಣ ಮನಸ್ಸಿನವರಾಗಿರಲಿಲ್ಲ. ಪ್ರಬಂಧವನ್ನು ಇಷ್ಟಪಟ್ಟು ಓದಿದ್ದಾಗಿ ಹೇಳಿದರು. ಆದರೆ ಕೃತಿಯನ್ನು ವಿದ್ಯಾರ್ಥಿ ತನ್ನ ಕೈಯಿಂದಲೇ ಮಾಡಿರಬೇಕು ಎನ್ನುವುದು ನಿಯಮ. ಇಲ್ಲಿ ನೆಯ್ದದ್ದು ಮಗ್ಗ, ಸರಿ ಮಾಡಿದ್ದು ಇನ್ನೊಬ್ಬರು, ಅಂಕ ಕೊಡುವುದು ಯಾವುದಕ್ಕೆ? ಆಫೀಸಿನಲ್ಲಿ ಒಂದು ಭಾವಚಿತ್ರ ಇದೆಯಂತೆ, ಅದನ್ನು ತಂದರೆ ಈಗಲೂ ಅಡ್ಡಿಯಿಲ್ಲ, ತಾವು ಕಾಯುತ್ತೇವೆ ಎಂದರು. ನಿಖಿಲ ಸರ್ ಹಿಂದೆ ನಿಂತು ಕಣ್ಣಿನಲ್ಲಿಯೇ, ಹೋಗು, ತಾ, ಎನ್ನುತ್ತಿದ್ದರು.

ಆಫೀಸು ಮೆಟ್ಟಿಲಿಳಿದರೆ ಸಿಗುತ್ತದೆ. ಚಿತ್ರಕ್ಕೆ ಚೌಕಟ್ಟೂ ಇದೆ. ಒಂದು ಮೊಳೆ ಹೊಡೆದರೆ ಪದವಿ ಕೈಯಲ್ಲಿ. ಊರಿನಲ್ಲಿ ಅಪ್ಪ ಪೇಢೆಗೆ ಹೇಳಿಟ್ಟಿದ್ದಾರೆ. ಋತುಜಾ ಒಂದು ಕ್ಷಣ ಮೆಟ್ಟಿಲಿನ ಕಡೆ ನೋಡಿದಳು. ಪೇರಲ ಹಣ್ಣಿನ ಮೇಲಿನ ಆ ಬಿಸಿಲು ಕಣ್ಣ ಮುಂದೆ ಬಂತು. ಎಲ್ಲರಿಗೂ ಬೇಕಾದ ಬಿಸಿಲು.

"ನಹೀ ಮೇಡಂ," ಅಂದಳು. "ಮಾಝಂ ಕಾಮ ಹೇಚ ಆಹೆ."

ನನ್ನ ಕೆಲಸ ಇದೇ. ನೂತನ ಮೇಡಂ ಅವಳನ್ನೊಮ್ಮೆ ನೋಡಿ, ಹಾಳೆಯ ಮೇಲೆ ಏನೋ ಬರೆದು ಮುಂದಿನ ಗೋಡೆಗೆ ಹೋದರು. ಪ್ರಬಂಧದಲ್ಲಿ ಪಾಸು, ಕೃತಿಯಲ್ಲಿ ನಾಪಾಸು. ದೀಪಾವಳಿಗೆ ಮುಂಚೆ ಮತ್ತೊಂದು ಕೃತಿ ಮಾಡಿ ಮತ್ತೆ ಪರೀಕ್ಷೆಗೆ ಕೂಡಬೇಕು.

ಸಂಜೆ ಅಪ್ಪನಿಗೆ ಫೋನು ಮಾಡಿದಳು. ನಾಪಾಸಾದದ್ದನ್ನು ಹೇಳಿದಳು. ಅಂಗಡಿಯಲ್ಲಿ ಯಾರೋ ಯೂರಿಯಾ ಕೇಳುವುದು ಕೇಳಿಸುತ್ತಿತ್ತು.

"ಮಂದಿಗೆ ಏನ ಹೇಳ್ಲಿ?"

"ಮಗಳು ಕೆಡಿಸಿದ್ಲು ಅಂತ ಹೇಳ್ರಿ ಅಪ್ಪಾ."

"ಯಾರ ನಂಬ್ತಾರ," ಎಂದು ಅಪ್ಪ ಫೋನಿಟ್ಟರು. ಅದು ಬೈದದ್ದೋ ಹೊಗಳಿದ್ದೋ ಅವಳಿಗೆ ತಿಳಿಯಲಿಲ್ಲ.

ಅದರ ಮರುದಿನ ಹಾಲನ್ನು ಊರವರಿಗೆ, ಮನೆಯವರಿಗೆ ತೆರೆದಿಡುವ ಪದ್ಧತಿ. ಬೆಳಿಗ್ಗೆ ನಿಖಿಲ ಸರ್ ಬಂದು, ಬಟ್ಟೆ ಬಿಚ್ಚಿ ಬಾಗವಾನ ಹೆಂಗಸನ್ನು ಹಚ್ಚು, ಮಂದಿ ಬರುತ್ತಾರೆ ಅಂದರು.

"ನಾಪಾಸ್ ಆದವ್ರ ಕೆಲಸ ಹಚ್ಚಬಾರದು ಅಂತ ನಿಯಮ ಐತೇನ್ರಿ ಸರ್?"

ಸರ್ ಯೋಚಿಸಿದರು. ಅಂಥ ನಿಯಮ ಇರಲಿಲ್ಲ. ಯಾಕೆಂದರೆ ನಾಪಾಸಾದದ್ದನ್ನು ಹಚ್ಚುತ್ತೇನೆ ಎಂದವರು ಹಿಂದೆ ಯಾರೂ ಇರಲಿಲ್ಲ. "ಭಾಳ ಹಟಮಾರಿ ಅದಿ ನೋಡು," ಅಂದರು.

"ಹೌದ್ರಿ ಸರ್."

ಬಟ್ಟೆ ಅಲ್ಲಿಯೇ ಉಳಿಯಿತು. ಬಂದವರು ಎಡಗಡೆಯ ಘಾಟಿನ ಚಿತ್ರ ನೋಡಿ, ಬಲಗಡೆಯ ವಾಡೆಯ ಚಿತ್ರ ನೋಡಿ, ನಡುವಿನ ಬಟ್ಟೆಯನ್ನು ಪರದೆ ಎಂದುಕೊಂಡು ದಾಟಿ ಹೋದರು. ಒಬ್ಬರು ಅದಕ್ಕೆ ಒರಗಿ ನಿಂತು ಫೋಟೋ ತೆಗೆಸಿಕೊಂಡರು. ಋತುಜಾ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತೇ ಇದ್ದಳು. ಕೇಳಿದವರಿಗೆ ಹೇಳಿದಳು. ಕೇಳದವರನ್ನು ಕರೆಯಲಿಲ್ಲ.

ಮಧ್ಯಾಹ್ನ ಮಾವಶಿ ಬಂದಳು. ಮದುವೆಗೆ ಉಡುವ ಹಸಿರು ಸೀರೆ, ಕೈಯಲ್ಲಿ ಡಬ್ಬಿ. ನಾಪಾಸಿನ ಸುದ್ದಿ ಅವಳಿಗೆ ಮುಟ್ಟಿತ್ತು. ಕಣ್ಣು ಕೆಂಪಾಗಿದ್ದವು. "ನನ್ನ ಸಲುವಾಗಿ ಆತು," ಅಂದಳು. ಋತುಜಾ ಚೀಟಿ ತೋರಿಸಿದಳು. ಮಾವಶಿ ತನ್ನ ಹೆಸರನ್ನು ಓದಿ, ಯಾರಾದರೂ ನೋಡಿದರೇನೋ ಎಂಬಂತೆ ಅತ್ತಿತ್ತ ನೋಡಿದಳು. "ಇದನ್ನ ಯಾಕ ಬರದಿ? ನಾ ಏನ ಮಾಡಿದ್ನಿ ಅಂತ?"

ಆಮೇಲೆ ಬಟ್ಟೆಯ ಹತ್ತಿರ ಹೋದಳು. ದೊಡ್ಡ ಕಿಟಕಿಯ ಬೆಳಕು ಓರೆಯಾಗಿ ಬೀಳುತ್ತಿತ್ತು. ಬಾಗಿ, ಅಂಚಿನುದ್ದಕ್ಕೂ ಕಣ್ಣು ಹಾಯಿಸುತ್ತ ಬಂದವಳು ಕೆಳಗಡೆ ಒಂದು ಕಡೆ ನಿಂತಳು.

"ಅಯ್ಯ, ಇಲ್ಲೊಂದು ಉಳದೈತಿ ನೋಡು."

ಋತುಜಾ ಸ್ಟೂಲು ಬಿಟ್ಟು ಬಂದು ಕೂತು ನೋಡಿದಳು. ಬೆರಳುದ್ದದ ಜಾಗದಲ್ಲಿ ಒಂದೇ ದಾರಿಯಲ್ಲಿ ಎರಡು ಎಳೆ ಹೋಗಿದ್ದವು. ಒರಟಾಗಿ, ಉಬ್ಬಿಕೊಂಡು. ಅಷ್ಟರಲ್ಲಿ ಮಾವಶಿಯ ಬೆರಳು ಅಲ್ಲಿಗೆ ಹೋಗಿತ್ತು, ಉಗುರು ಎಳೆಯ ಕೆಳಗೆ ತೂರುತ್ತಿತ್ತು. ಋತುಜಾ ಆ ಮಣಿಕಟ್ಟು ಹಿಡಿದಳು.

"ಬಿಡು ಮಾವಶಿ. ಅದು ನಂದು."

"ಒಂದ ಎಳಿ ಋತು. ಈಗ ತಗದು ಬಿಡ್ತೇನಿ, ಯಾರಿಗೂ ಕಾಣಂಗಿಲ್ಲ."

"ಕಾಣ್ಲಿ."

ಮಾವಶಿ ಕೈ ಹಿಂದಕ್ಕೆ ತೆಗೆದುಕೊಂಡಳು. ಆದರೆ ಆ ಕಡೆಯಿಂದ ಯಾರೋ ನಾಲ್ಕು ಜನ ಬರುವುದನ್ನು ಕಂಡು, ಮಾತಾಡುವವಳಂತೆ ತಿರುಗಿ, ಸೀರೆಯ ನಿರಿಗೆ ಅಗಲಿಸಿ ಆ ಜಾಗ ಮರೆಯಾಗುವಂತೆ ನಿಂತಳು. ಋತುಜಾ ಅವಳ ಎರಡೂ ಹೆಗಲು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.